ರಾಹೇಲಳ ಅಳು

ಹೆರೋದನ ಪಾತ್ರ ಸೋದರಮಾವನ ಪಾಲಿಗೆ ಬಿದ್ದಿತ್ತು. ಮೀಸೆ ಅವನ ಸ್ವಂತದ್ದು, ಕಿರೀಟ ರಟ್ಟಿನದು, ಕತ್ತಿಗೆ ಸಿಗರೇಟು ಪ್ಯಾಕಿನೊಳಗಿನ ಬೆಳ್ಳಿ ಕಾಗದ ಸುತ್ತಿದ್ದರು. ಕ್ರಿಸ್ಮಸ್ ಹತ್ತಿರ ಬಂತೆಂದರೆ ನಮ್ಮ ಸಭೆಯ ಹುಡುಗರು ದೇವಾಲಯದ ಪಕ್ಕದ ಹಳೇ ಶಾಲೆಯಲ್ಲಿ ಸಂಜೆ ಹೊತ್ತು ನಾಟಕದ ತಾಲೀಮು ನಡೆಸುತ್ತಿದ್ದರು. ಕುರುಬರು, ಮೂಡಣ ದೇಶದ ಜೋಯಿಸರು, ರೆಕ್ಕೆ ಕಟ್ಟಿಕೊಂಡ ದೂತರು ಪ್ರತಿವರ್ಷ ಇದ್ದವರೇ. ಆ ವರ್ಷ ನಾಟಕ ಬರೆದ ಹುಡುಗ ಹೊಸದೊಂದು ದೃಶ್ಯ ಸೇರಿಸಿದ್ದ. ಜೋಯಿಸರು ತನಗೆ ಹೇಳದೆ ಬೇರೆ ದಾರಿ ಹಿಡಿದರೆಂದು ರೇಗಿದ ಹೆರೋದ, ಬೇತ್ಲೆಹೇಮಿನ ಎರಡು ವರ್ಷದೊಳಗಿನ ಗಂಡುಮಕ್ಕಳನ್ನೆಲ್ಲ ಕೊಲ್ಲಿಸುತ್ತಾನೆ. ಕೊಲೆಯನ್ನು ತೋರಿಸುವುದಿಲ್ಲ, ದೀಪ ಆರಿಸಿದ ಮೇಲೆ ಪರದೆಯ ಹಿಂದಿನಿಂದ ಒಬ್ಬ ಹೆಂಗಸು ಅಳಬೇಕು. ಅವಳೇ ರಾಹೇಲಳು.

ಹಿರಿಯರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ಹೊಸ ಬಟ್ಟೆ ಹಾಕಿಕೊಂಡು ಬಂದ ಮಕ್ಕಳ ಮುಂದೆ ಇಂಥದ್ದು ಯಾಕೆ ಎಂದರು. ಮತ್ತಾಯನ ಸುವಾರ್ತೆಯಲ್ಲಿ ಇರುವುದನ್ನೇ ಆಡಿದರೆ ತಪ್ಪೇನು ಎಂದು ಹುಡುಗ ಹಟ ಹಿಡಿದ. ಮಾತು ಬೆಳೆದು, ಉಪದೇಶಿಗಳು ಏನು ಹೇಳುತ್ತಾರೋ ಹಾಗೆ ಆಗಲಿ ಎಂಬಲ್ಲಿಗೆ ನಿಂತಿತು. ಉಪದೇಶಿ ಎಂದರೆ ನನ್ನ ತಾಯಿಯ ತಂದೆ. 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೆ ಹಬ್ಬಿ, 1850ರ ದಶಕದಲ್ಲಿ ಮಿಷನರಿ ಮೋಗ್ಲಿಂಗರ ಜೊತೆ ಕೊಡಗಿನ ಘಟ್ಟವನ್ನೂ ಹತ್ತಿತಲ್ಲ, ಅಜ್ಜನ ಹಿರಿಯರು ಆ ಕಾಲದಲ್ಲಿ ಸಭೆಗೆ ಸೇರಿದವರು. ಅಜ್ಜ ಪಾದ್ರಿಯಾಗಲಿಲ್ಲ. ಬೈಸಿಕಲ್ಲಿನಲ್ಲಿ ತೋಟದ ಕೂಲಿಗಳ ಲೈನುಗಳಿಗೆ ಹೋಗಿ ಸತ್ಯವೇದ ಓದಿ ಹೇಳುವ ಕೆಲಸದಲ್ಲೇ ಮುದುಕನಾದ.

ಡಿಸೆಂಬರ್ ಎಂದರೆ ನಮ್ಮಲ್ಲಿ ಕಾಫಿ ಕೊಯ್ಲು. ಅಜ್ಜನಿಗಿದ್ದದ್ದು ಮನೆಯ ಹಿಂದಿನ ತುಂಡು ತೋಟ. ಕೊಯ್ದ ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಹಾಕಿ ಚೆರಿ ಮಾಡುತ್ತಿದ್ದರು. ಹಗಲೆಲ್ಲ ಅಜ್ಜಿ ಬರಿಗಾಲಿನಲ್ಲಿ ಅದರ ಮೇಲೆ ಗೆರೆ ಎಳೆದಂತೆ ನಡೆಯುತ್ತ ಮಗುಚುತ್ತಿದ್ದಳು. ಸಂಜೆ ಇಬ್ಬನಿಗೆ ಮುಂಚೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿ, ರಾತ್ರಿ ಕಾವಲು ಕೂರಬೇಕು. ಕಣದ ಮೂಲೆಯಲ್ಲಿ ಒಣಗಿದ ಕಾಫಿ ಬೊಡ್ಡೆ ಹೊತ್ತಿಸಿ ಕಂಬಳಿ ಹೊದ್ದು ಕೂತರೆ ಟಾರ್ಪಾಲಿನಡಿಯಿಂದ ಹುಳಿಹುಳಿ ಹಣ್ಣಿನ ವಾಸನೆ, ಕೈಯಲ್ಲಿ ಬೆಲ್ಲದ ಕಾಫಿ. ತಾಲೀಮು ಮುಗಿಸಿದವರು ಅಂದು ನೇರ ಅಲ್ಲಿಗೇ ಬಂದರು. ಹೆರೋದನ ಕೈಯಲ್ಲಿ ಕತ್ತಿ ಹಾಗೇ ಇತ್ತು.

ಹುಡುಗ ತನ್ನ ದೃಶ್ಯ ಓದಿದ. ಅಜ್ಜ ಕೇಳಿಸಿಕೊಂಡು ಸುಮ್ಮನಿದ್ದ. ಮಾವನೇ ಬಾಯಿ ತೆರೆದ.

“ಅಪ್ಪಾ, ನನ್ನ ಪಾತ್ರದ ಪರವಾಗಿ ಒಂದು ಮಾತು. ಹೀಗೆ ಆಗುತ್ತೆ ಅಂತ ಯೆರೆಮೀಯ ಆರುನೂರು ವರ್ಷ ಮೊದಲೇ ಹೇಳಿಬಿಟ್ಟಿದ್ದ ಅಂದ್ಮೇಲೆ ಹೆರೋದನ ತಪ್ಪೇನು? ಅವನು ಕೊಲ್ಲದೇ ಇದ್ದಿದ್ರೆ ಪ್ರವಾದಿ ಸುಳ್ಳಾಗ್ತಿದ್ದನಲ್ಲ?”

ಎಲ್ಲರೂ ನಕ್ಕರು. ಅಜ್ಜ ನಗಲೂ ಇಲ್ಲ, ಬೈಯಲೂ ಇಲ್ಲ. ಒಳಗಿಂದ ಸತ್ಯವೇದ ತರಿಸಿ, ಟಾರ್ಚನ್ನು ನನ್ನ ಕೈಗೆ ಕೊಟ್ಟು ಮತ್ತಾಯನ ಎರಡನೆಯ ಅಧ್ಯಾಯ ತೆಗೆದ. ಆ ಪುಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಂಚಿನಲ್ಲಿ ಸೀಸದ ಕಡ್ಡಿಯಿಂದ ನಾಲ್ಕು ಕಡೆ ಬಾಣದ ಗುರುತು. ಒಂದರ ಮುಂದೆ ಮೀಕ ಐದು, ಇನ್ನೊಂದರ ಮುಂದೆ ಹೋಶೇಯ ಹನ್ನೊಂದು, ಮೂರನೆಯದರ ಮುಂದೆ ಯೆರೆಮೀಯ ಮೂವತ್ತೊಂದು ಎಂದು ಬರೆದಿತ್ತು. ನಾಲ್ಕನೆಯದರ ಮುಂದೆ ಬರೀ ಪ್ರಶ್ನೆಚಿಹ್ನೆ. ಯೇಸುವನ್ನು ನಜರೇತಿನವನೆಂದು ಕರೆಯುವರೆಂಬುದಾಗಿ ಪ್ರವಾದಿಗಳು ಹೇಳಿದ್ದರೆಂದು ಮತ್ತಾಯ ಬರೆಯುತ್ತಾನೆ. ಹಳೆಯ ಒಡಂಬಡಿಕೆಯನ್ನು ಎಷ್ಟು ಜಾಲಾಡಿದರೂ ಅಂಥ ವಚನ ಸಿಗುವುದಿಲ್ಲ. ಅದರ ಬಗ್ಗೆ ಪಂಡಿತರು ಬೇಕಾದಷ್ಟು ಬರೆದಿದ್ದಾರೆ. ಅಜ್ಜ ಒಂದು ಪ್ರಶ್ನೆಚಿಹ್ನೆ ಹಾಕಿ ಮುಂದೆ ಹೋಗಿದ್ದ.

“ಮೊದಲು ತಿಳ್ಕೋ, ಯೆರೆಮೀಯ ಅಲ್ಲಿ ಬೇತ್ಲೆಹೇಮಿನ ಹೆಸರೇ ಎತ್ತಿಲ್ಲ” ಎಂದ ಅಜ್ಜ. “ಅವನು ಹೇಳಿದ್ದು ರಾಮಾದ ಸುದ್ದಿ.”

ಆಮೇಲೆ ಅಜ್ಜನ ಕಥೆ ಶುರುವಾಯಿತು. ರಾಮಾ ಯೆರೂಸಲೇಮಿನ ಬಡಗಲಿಗೆ ಸುಮಾರು 8 ಕಿಲೋಮೀಟರ್ ದೂರದ ಊರು. ಬೇತ್ಲೆಹೇಮ್ ತೆಂಕಲಿಗೆ, ಹೆಚ್ಚುಕಡಿಮೆ ಅಷ್ಟೇ ದೂರ. ಕ್ರಿಸ್ತಪೂರ್ವ 586ರ ಹೊತ್ತಿಗೆ ಬಾಬಿಲೋನಿನ ಸೈನ್ಯ ಯೆರೂಸಲೇಮನ್ನು ಸುಟ್ಟು, ದೇವಾಲಯ ಕೆಡವಿ, ಉಳಿದವರನ್ನು ಸೆರೆ ಹಿಡಿಯಿತು. ಸೆರೆಯವರನ್ನೆಲ್ಲ ಸಾಗಿಸುವ ಮೊದಲು ಕೂಡಿಹಾಕಿದ್ದು ರಾಮಾದಲ್ಲಿ. ಬೇಡಿ ಹಾಕಿಸಿಕೊಂಡು ಆ ಗುಂಪಿನಲ್ಲಿ ನಿಂತವರಲ್ಲಿ ಯೆರೆಮೀಯನೂ ಒಬ್ಬ. ಬಾಬಿಲೋನಿನ ಸೇನಾಧಿಪತಿ ನೆಬೂಜರದಾನ ಅವನ ಗುರುತು ಹಿಡಿದು ಅಲ್ಲೇ ಬೇಡಿ ಬಿಚ್ಚಿಸಿದ. ಅದೇ ಪುಸ್ತಕದ ನಲವತ್ತನೆಯ ಅಧ್ಯಾಯದಲ್ಲಿ ಇದೆಲ್ಲ ಇದೆ.

“ರಾಮಾದಲ್ಲಿ ಒಬ್ಬಳ ಗೋಳು ಕೇಳಿಸ್ತಾ ಇದೆ ಅಂತ ಅವನು ಹೇಳಿದ್ದು ಆ ಸಂಕಟದ್ದು. ಮುಂದೆ ಯಾವನೋ ಹೆರೋದ ಬರ್ತಾನೆ ಅಂತ ಭವಿಷ್ಯ ಹೇಳಿದ್ದಲ್ಲ. ಜನರನ್ನ ಎಳ್ಕೊಂಡು ಹೋಗ್ತಿದ್ದಾರೆ, ಅಷ್ಟೊತ್ತಿಗೆ ರಾಹೇಲಳು ಸತ್ತು ಎಷ್ಟೋ ನೂರು ವರ್ಷ ಆಗಿದೆ. ಆ ತಾಯಿ ಗೋರಿಯಿಂದ ಎದ್ದು ಮಕ್ಕಳಿಗಾಗಿ ಅಳ್ತಾ ಇದ್ದಾಳೆ ಅಂತ ಅವನಿಗೆ ಕೇಳಿಸ್ತು.”

ರಾಹೇಲಳ ಕಥೆ ನಮಗೆ ಭಾನುವಾರದ ಶಾಲೆಯಿಂದಲೇ ಗೊತ್ತಿತ್ತು. ಯಾಕೋಬ ಅವಳಿಗಾಗಿ ಮಾವನ ಮನೆಯಲ್ಲಿ ಏಳು ವರ್ಷ ದುಡಿದ; ಮದುವೆಯ ರಾತ್ರಿ ಮಾವ ಅಕ್ಕ ಲೇಯಳನ್ನು ಒಪ್ಪಿಸಿ ಮೋಸ ಮಾಡಿದ; ರಾಹೇಲಳಿಗಾಗಿ ಮತ್ತೆ ಏಳು ವರ್ಷ. ಬಹುಕಾಲ ಅವಳಿಗೆ ಮಕ್ಕಳಾಗಲಿಲ್ಲ. ಕೊನೆಗೆ ಎರಡನೆಯ ಹೆರಿಗೆಯಲ್ಲಿ, ಪ್ರಯಾಣದ ನಡುವೆ, ಎಫ್ರಾತದ ದಾರಿಯಲ್ಲಿ ಸತ್ತಳು. ಬೇತ್ಲೆಹೇಮ್ ಎಂದರೆ ಅದೇ ಎಫ್ರಾತ ಎಂದು ಆದಿಕಾಂಡ ಹೇಳುತ್ತದೆ. ಸಮುವೇಲನ ಮೊದಲ ಪುಸ್ತಕ ಮಾತ್ರ ಅವಳ ಸಮಾಧಿಯನ್ನು ರಾಮಾದ ಕಡೆ, ಬೆನ್ಯಾಮೀನರ ಸೀಮೆಯಲ್ಲಿ ಇಡುತ್ತದೆ. ಯೆರೆಮೀಯನಿಗೆ ಬೇಕಾದದ್ದು ಈ ಗೋರಿ, ಮತ್ತಾಯನಿಗೆ ಬೇಕಾದದ್ದು ಆ ಗೋರಿ. ಬೇತ್ಲೆಹೇಮಿನ ಮಕ್ಕಳು ಸತ್ತದ್ದನ್ನು ಬರೆಯುವಾಗ ಊರ ಬಾಗಿಲಲ್ಲೇ ಮಲಗಿದ್ದ ಆ ತಾಯಿಯನ್ನು ಅವನು ಮರೆಯುವುದು ಸಾಧ್ಯವಿರಲಿಲ್ಲ.

“ಸಾವಿನ ಮನೆಗೆ ಹೋದ ಹೆಂಗಸರು ಹೇಗೆ ಅಳ್ತಾರೆ ನೋಡಿದ್ದೀಯಲ್ಲ?” ಅಜ್ಜ ಮಾವನನ್ನು ಕೇಳಿದ. “ಮುಂದೆ ಮಲಗಿರೋದು ಯಾರದೋ ಮಗ. ಅಳೋಳು ತನ್ನ ಸತ್ತ ಮಗನ್ನೂ ತಂಗೀನೂ ಕರೆದು ಕರೆದು ಅಳ್ತಾಳೆ. ಹಳೇ ಸಾವಿನ ಹಾಡು ಹೊಸ ಸಾವಿಗೆ ಬರುತ್ತೆ. ಮತ್ತಾಯ ಮಾಡಿದ್ದೂ ಅದನ್ನೇ. ನೆರವೇರಿತು ಅಂದ್ರೆ ಜ್ಯೋತಿಷ್ಯ ಫಲಿಸ್ತು ಅಂತಲ್ಲ ಕಣೋ.”

ಹೋಶೇಯನ ಮಾತನ್ನೂ ಅಜ್ಜ ತೆಗೆದ. ಹೆರೋದ ಸಾಯುವ ತನಕ ಯೋಸೇಫನ ಸಂಸಾರ ಐಗುಪ್ತದಲ್ಲಿತ್ತು. ಐಗುಪ್ತದಿಂದ ಮಗನನ್ನು ಕರೆದದ್ದಾಗಿ ದೇವರು ಹೋಶೇಯನ ಬಾಯಿಂದ ನುಡಿದದ್ದು ಇದರಿಂದ ನೆರವೇರಿತೆಂದು ಮತ್ತಾಯ ಬರೆದ. ಹೋಶೇಯನ ಪುಸ್ತಕ ತೆಗೆದು ನೋಡಿದರೆ ಅದು ಮುಂದಾಗುವುದರ ಮಾತೇ ಅಲ್ಲ. ಮೋಶೆಯ ಕಾಲದಲ್ಲಿ ಆಗಿಹೋದ ಬಿಡುಗಡೆಯನ್ನು ನೆನೆದು, ಇಷ್ಟು ಮಾಡಿದರೂ ಈ ಮಗ ಮಾತು ಕೇಳಲಿಲ್ಲವಲ್ಲ ಎಂದು ನೊಂದುಕೊಂಡ ತಂದೆಯ ಮಾತು. ಮಗನೆಂದರೆ ಅಲ್ಲಿ ಇಸ್ರಾಯೇಲ್ ಜನಾಂಗ. ಮತ್ತಾಯನಿಗೆ ಇದು ಗೊತ್ತಿರಲಿಲ್ಲವೆಂದು ತಿಳಿಯುವುದು ಹುಡುಗಾಟಿಕೆ. ಗೊತ್ತಿದ್ದೇ ಬರೆದ. ಫರೋಹ ಗಂಡುಮಕ್ಕಳನ್ನು ಕೊಲ್ಲಿಸಿದ, ಮೋಶೆ ಉಳಿದ. ಹೆರೋದ ಕೊಲ್ಲಿಸಿದ, ಯೇಸು ಉಳಿದ. ಜನಾಂಗ ನಡೆದ ದಾರಿಯಲ್ಲಿ ಒಬ್ಬ ಮನುಷ್ಯನನ್ನು ಮತ್ತೊಮ್ಮೆ ನಡೆಸುತ್ತಾನೆ ಮತ್ತಾಯ. ಮೀಕನ ಮಾತು ಮಾತ್ರ ನಾವು ಸಾಮಾನ್ಯವಾಗಿ ಪ್ರವಾದನೆ ಎಂದು ಅಂದುಕೊಳ್ಳುವ ರೀತಿಯದು: ಯೆಹೂದದ ಚಿಕ್ಕ ಊರಾದ ಬೇತ್ಲೆಹೇಮಿನಿಂದ ಒಬ್ಬ ಅರಸ ಬರುತ್ತಾನೆ. ಅದನ್ನೂ ಹೆರೋದನಿಗೆ ಓದಿ ಹೇಳುವವರು ಅವನ ಆಸ್ಥಾನಕ್ಕೆ ಬಂದ ಶಾಸ್ತ್ರಿಗಳೇ. ವಚನ ಬಾಯಿಪಾಠವಿದ್ದ ಆ ಪಂಡಿತರಲ್ಲಿ ಒಬ್ಬನೂ ಎದ್ದು ಬೇತ್ಲೆಹೇಮಿಗೆ ಹೋಗಲಿಲ್ಲ. ಅಜ್ಜನಿಗೆ ಈ ವಿಷಯದಲ್ಲಿ ಉಪದೇಶಿಗಳ ಮೇಲೂ ಪಾದ್ರಿಗಳ ಮೇಲೂ ಒಂದು ಚುಚ್ಚುಮಾತು ಇದ್ದೇ ಇರುತ್ತಿತ್ತು.

ಹಳೆಯ ಪ್ರವಾದಿಯ ಮಾತನ್ನು ತಮ್ಮ ಕಾಲಕ್ಕೆ ತಂದು ಓದುವುದು ಕ್ರೈಸ್ತರೇ ಶುರುಮಾಡಿದ ಪದ್ಧತಿಯಲ್ಲ. 1947ರಲ್ಲಿ ಮೃತಸಮುದ್ರದ ಬಳಿ ಕುಮ್ರಾನಿನ ಗುಹೆಯಲ್ಲಿ ಮೊದಲಿಗೆ ಸಿಕ್ಕ ಸುರುಳಿಗಳಲ್ಲಿ ಹಬಕ್ಕೂಕನ ಪುಸ್ತಕಕ್ಕೆ ಬರೆದ ಒಂದು ವ್ಯಾಖ್ಯಾನವಿದೆ. ಬಾಬಿಲೋನಿನ ಕಾಲದ ಪ್ರವಾದಿಯ ಒಂದೊಂದು ಸಾಲನ್ನೂ ಎತ್ತಿಕೊಂಡು, ಇದು ನಮ್ಮ ಗುರುವಿನ ವಿಷಯ, ಇದು ಈಗ ಬಂದಿರುವ ಪರಕೀಯ ಸೈನ್ಯದ ವಿಷಯ ಎಂದು ಆ ಯೆಹೂದ್ಯ ಪಂಗಡದವರು ಅರ್ಥ ಹೇಳಿಕೊಂಡಿದ್ದರು. ಮತ್ತಾಯ ಬರೆದದ್ದು ಆ ಮಣ್ಣಿನಲ್ಲೇ ನಿಂತು. ಕಣದ ಬೆಂಕಿಯ ಮುಂದೆ ಕೂತಿದ್ದ ನಮಗ್ಯಾರಿಗೂ ಕುಮ್ರಾನ್ ಗೊತ್ತಿರಲಿಲ್ಲ. ಅಜ್ಜ ಸಾವಿನ ಮನೆಯ ದಾರಿ ಹಿಡಿದೇ ಅಲ್ಲಿಗೆ ತಲುಪಿದ್ದ.

“ಹಾಗಾದ್ರೆ ನನ್ನ ತಪ್ಪು ನನ್ನ ಮೇಲೇ?” ಮಾವ ಕತ್ತಿ ಕೆಳಗಿಟ್ಟ.

“ನಿನ್ನ ಮೇಲೇ. ಮತ್ತಾಯ ಸಾಮಾನ್ಯವಾಗಿ, ಪ್ರವಾದಿಯ ಮಾತು ನೆರವೇರಲಿ ಅಂತ ಹೀಗಾಯ್ತು ಅಂತಾನೆ. ಇಲ್ಲಿ ಹಾಗನ್ನಲ್ಲ. ಆಗ ನೆರವೇರಿತು, ಅಷ್ಟೇ. ಯೂದನ ಮೂವತ್ತು ಬೆಳ್ಳಿ ನಾಣ್ಯದ ಕಡೇನೂ ಅಷ್ಟೇ ಹೇಳಿ ಸುಮ್ಮನಾಗ್ತಾನೆ. ಮಕ್ಕಳ ಕೊಲೇನ ದೇವರ ತಲೆಗೆ ಕಟ್ಟೋಕೆ ಅವನಿಗೂ ಮನಸ್ಸು ಬಂದಿಲ್ಲ.”

ಹೆರೋದ ಅಂಥ ಕೆಲಸಕ್ಕೆ ಹೇಸುವವನಾಗಿರಲಿಲ್ಲ ಎನ್ನುವುದಕ್ಕೆ ಬೇಕಾದಷ್ಟು ಸಾಕ್ಷಿಯಿದೆ. ಹೆಂಡತಿ ಮರಿಯಮ್ನೆಯನ್ನು ಕೊಲ್ಲಿಸಿದ. ಅವಳಲ್ಲಿ ಹುಟ್ಟಿದ ಇಬ್ಬರು ಗಂಡುಮಕ್ಕಳನ್ನು ಕುತ್ತಿಗೆ ಹಿಸುಕಿಸಿದ. ತಾನು ಸಾಯಲು ಐದು ದಿನ ಇರುವಾಗ ಹಿರಿಮಗನನ್ನೂ ಮುಗಿಸಿದ. ಜೋಸೀಫಸನೆಂಬ ಯೆಹೂದ್ಯ ಇತಿಹಾಸಕಾರ ಇದನ್ನೆಲ್ಲ ವಿವರವಾಗಿ ಬರೆದ. ಬೇತ್ಲೆಹೇಮಿನ ಮಕ್ಕಳ ಮಾತು ಅವನಲ್ಲಿಲ್ಲ, ಬೇರೆ ಸುವಾರ್ತೆಗಳಲ್ಲೂ ಇಲ್ಲ. ಹಾಗಾಗಿ ಅದು ನಡೆಯಿತೇ ಎಂದು ಕೇಳುವ ವಿದ್ವಾಂಸರಿದ್ದಾರೆ. ನಡೆದಿದ್ದರೂ ಅಷ್ಟು ಪುಟ್ಟ ಊರಿನಲ್ಲಿ ಸತ್ತ ಮಕ್ಕಳ ಸಂಖ್ಯೆ ದೊಡ್ಡದಿರಲಾರದು, ಮುಂದಿನ ಶತಮಾನಗಳಲ್ಲಿ ಅದನ್ನು 14,000ಕ್ಕೆ ಏರಿಸಿದವರಿದ್ದರೂ. ಬೇತ್ಲೆಹೇಮಿನಿಂದ ಕಣ್ಣಿಗೆ ಕಾಣುವ ಗುಡ್ಡದ ಮೇಲೆ ಹೆರೋದನ ಕೋಟೆಯಿತ್ತು, ಹೆರೋಡಿಯಮ್ ಎಂದು. ಅವನ ಸಮಾಧಿಯೂ ಅಲ್ಲೇ ಸಿಕ್ಕಿತೆಂದು 2007ರಲ್ಲಿ ಪುರಾತತ್ವಜ್ಞ ಎಹೂದ್ ನೆಟ್ಜರ್ ಪ್ರಕಟಿಸಿದರು. ಕೆಳಗಿನ ಊರಿನ ತಾಯಂದಿರಿಗೆ ಬೆಳಗಾದರೆ ಆ ಗುಡ್ಡವೇ ಕಾಣುತ್ತಿತ್ತು.

ಮಾತು ಇಲ್ಲಿಗೆ ಮುಗಿಯಿತೆಂದು ಹುಡುಗ ಕಾಗದ ಮಡಿಸುತ್ತಿದ್ದ. ಅಷ್ಟು ಹೊತ್ತು ಸುಮ್ಮನೆ ಬೆಂಕಿಗೆ ಬೊಡ್ಡೆ ಒಟ್ಟುತ್ತಿದ್ದ ಅಜ್ಜಿ ಆಗ ಬಾಯಿ ಬಿಟ್ಟಳು.

“ಯೋಸೇಫನಿಗೆ ಕನಸಲ್ಲಿ ದೂತ ಬಂದು ಎಬ್ಬಿಸಿದ. ಪಕ್ಕದ ಮನೆಯವಳಿಗೆ ಯಾರು ಹೇಳಿದ್ರು?”

ಅಜ್ಜಿ ಸುತ್ತಲಿನ ಲೈನುಗಳಿಗೆಲ್ಲ ಸೂಲಗಿತ್ತಿ. ಕರೆ ಬಂದರೆ ಮಳೆ ಎನ್ನದೆ, ಜಿಗಣೆ ಎನ್ನದೆ ಲಾಟೀನು ಹಿಡಿದು ಹೊರಡುತ್ತಿದ್ದವಳು. ಸತ್ಯವೇದದಲ್ಲಿ ಅವಳಿಗೆ ಎಲ್ಲರಿಗಿಂತ ಹತ್ತಿರದವರು ಶಿಫ್ರಾ, ಪೂವಾ ಎಂಬ ಇಬ್ಬರು ಸೂಲಗಿತ್ತಿಯರು. ಇಬ್ರಿಯರಿಗೆ ಹುಟ್ಟುವ ಗಂಡುಮಕ್ಕಳನ್ನು ಕೊಲ್ಲಿರೆಂದು ಫರೋಹ ಆಜ್ಞೆ ಮಾಡಿದರೆ, ನಾವು ಹೋಗುವಷ್ಟರಲ್ಲಿ ಅವರಿಗೆ ಹೆರಿಗೆಯಾಗಿಬಿಟ್ಟಿರುತ್ತದೆ ಎಂದು ಸುಳ್ಳು ಹೇಳಿ ಮಕ್ಕಳನ್ನು ಉಳಿಸಿದವರು. ಬೇತ್ಲೆಹೇಮಿನಲ್ಲಿ ಅಂಥವಳೊಬ್ಬಳೂ ಇರಲಿಲ್ಲವೇ ಎನ್ನುವುದು ಅವಳ ಹಳೆಯ ಪ್ರಶ್ನೆ.

“ಹೇಳಿಲ್ಲ” ಎಂದ ಅಜ್ಜ. “ಹೇಳಿದ ಅಂತ ಮತ್ತಾಯ ಬರೆದಿಲ್ಲ.”

ಸ್ವಲ್ಪ ಹೊತ್ತು ಬಿಟ್ಟು ಅಜ್ಜನೇ ಮುಂದುವರಿಸಿದ. ಮತ್ತಾಯ ಎತ್ತಿಕೊಂಡದ್ದು ಒಂದೇ ವಚನ, ಕೇಳುತ್ತಿದ್ದ ಯೆಹೂದ್ಯರಿಗೆ ಇಡೀ ಅಧ್ಯಾಯ ಗೊತ್ತಿತ್ತು. ರಾಹೇಲಳ ಅಳುವಿನ ಮರುಮಾತಿನಲ್ಲೇ ದೇವರು ಅವಳಿಗೆ, ಕಣ್ಣೀರು ಒರೆಸಿಕೋ, ನಿನ್ನ ಮಕ್ಕಳು ಶತ್ರುವಿನ ನಾಡಿನಿಂದ ತಿರುಗಿ ಬರುತ್ತಾರೆ ಎನ್ನುತ್ತಾನೆ. ಇನ್ನೂ ಕೆಳಗೆ ಹೋದರೆ ಅದೇ ಅಧ್ಯಾಯದಲ್ಲಿ ದೇವರು ತನ್ನ ಜನರೊಂದಿಗೆ ಹೊಸ ಒಡಂಬಡಿಕೆ ಮಾಡಿಕೊಳ್ಳುವ ಮಾತು ಬರುತ್ತದೆ, ಕಲ್ಲಿನ ಮೇಲಲ್ಲದೆ ಹೃದಯದಲ್ಲಿ ಬರೆಯುವಂಥದ್ದು. ಕ್ರೈಸ್ತರು ತಮ್ಮ ಗ್ರಂಥಕ್ಕೆ ಹೊಸ ಒಡಂಬಡಿಕೆ ಎಂದು ಹೆಸರಿಟ್ಟದ್ದು ಅಲ್ಲಿಂದಲೇ. ಇಬ್ರಿಯರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯ ಆ ಭಾಗವನ್ನು ಇಡಿಯಾಗಿ ಎತ್ತಿಕೊಂಡಿದೆ. ಹಳೆಯದರಿಂದ ಹೊಸದಕ್ಕೆ ತಂದ ಉಲ್ಲೇಖಗಳಲ್ಲೆಲ್ಲ ಅದೇ ಉದ್ದದ್ದು. ಒಂದು ಎಳೆ ಹಿಡಿದು ಮತ್ತಾಯ ಎಳೆದದ್ದು ಇಷ್ಟನ್ನು.

ಹುಡುಗನಿಗೆ ಹುರುಪು ಬಂತು. “ಹಾಗಿದ್ರೆ ರಾಹೇಲಳು ಅತ್ತ ಮೇಲೆ ಮೇಲಿಂದ ಒಂದು ಧ್ವನಿ ಬರಲಿ, ಉಪದೇಶಿಗಳೇ. ಅಳಬೇಡ, ಮಕ್ಕಳು ತಿರುಗಿ ಬರ್ತಾರೆ ಅಂತ. ಹಿರಿಯರಿಗೂ ಒಪ್ಪಿಗೆಯಾಗುತ್ತೆ.”

“ಯಾರು ತಿರುಗಿ ಬಂದ್ರು?” ಅಜ್ಜಿ ಕೇಳಿದಳು. “ಬಾಬೆಲಿಗೆ ಹೋದವರು ಬಂದ್ರು, ಒಪ್ಪಿದೆ. ಬೇತ್ಲೆಹೇಮಲ್ಲಿ ಮಣ್ಣಾದವು ಬಂದ್ವಾ? ರಾಹೇಲಳು ಸಾಯ್ತಾ ಇರೋವಾಗ ಸೂಲಗಿತ್ತಿ ಏನಂದಳು, ಓದಿ. ಹೆದರಬೇಡ, ಇದೂ ಗಂಡುಮಗುವೇ ಅಂದಳು. ನಾನೂ ಹಾಗೇ ಹೇಳಿದ್ದೀನಿ, ಎಷ್ಟು ಜನಕ್ಕೆ. ಉಸಿರು ಹೋಗ್ತಾ ಇರೋಳಿಗೆ ಇನ್ನೇನು ಹೇಳೋದು? ಅವಳು ಕೇಳಿಸ್ಕೊಂಡ್ಳಾ? ಮಗುವಿಗೆ ಬೆನೋನಿ ಅಂತ, ನನ್ನ ಗೋಳಿನ ಮಗ ಅಂತ ಹೆಸರಿಟ್ಟು ಹೋದಳು. ಸಮಾಧಾನ ಬೇಡ ಅಂದವಳಿಗೆ ನಾಟಕದಲ್ಲಿ ಬಲವಂತವಾಗಿ ಸಮಾಧಾನ ಮಾಡಿಸ್ಬೇಡಿ.”

ಹುಡುಗ ಅಜ್ಜನ ಮುಖ ನೋಡಿದ. ಅಜ್ಜ ಸತ್ಯವೇದವನ್ನು ಮುಚ್ಚಿರಲಿಲ್ಲ. ಪುಟಗಳನ್ನು ಒಟ್ಟಿಗೆ ಮಗುಚಿ ಮತ್ತಾಯನ ಕೊನೆಗೆ ಬಂದ.

“ತಿರುಗಿ ಬಂದವನು ಒಬ್ಬನಿದ್ದಾನೆ” ಎಂದ. “ಐಗುಪ್ತದಿಂದ. ಆ ರಾತ್ರಿ ತಪ್ಪಿಸ್ಕೊಂಡ ಒಂದೇ ಮಗು. ಮತ್ತಾಯ ಅವನ ಕಥೇನ ಎಲ್ಲಿಗೆ ತಂದು ನಿಲ್ಲಿಸ್ತಾನೆ ನೋಡು. ಇನ್ನೊಬ್ಬ ಅಧಿಕಾರಿ, ಇನ್ನೊಂದಿಷ್ಟು ಸಿಪಾಯಿಗಳು. ಈ ಸಲ ಯಾವ ದೂತನೂ ಬಂದು ಎಬ್ಬಿಸಲ್ಲ. ಶಿಲುಬೆ ಮೇಲೆ ಅವನು ಕೂಗಿದ್ದೂ ಹಳೇ ಅಳುವೇ, ಇಪ್ಪತ್ತೆರಡನೇ ಕೀರ್ತನೆಯದು. ದೇವರೇ ಯಾಕೆ ಕೈಬಿಟ್ಟೆ ಅಂತ.”

“ಅಂದ್ರೆ ಆ ಮಕ್ಕಳ ಸಾಲ ತೀರಿಸಿದ ಅಂತೀರಾ?”

“ಸಾಲ ಅನ್ನಲ್ಲ. ಅವು ಹೋದ ದಾರೀಲೇ ಹೋದ ಅಂತೀನಿ. ಮೂರನೇ ದಿನ ಏನಾಯ್ತು ಅನ್ನೋದು ಅದರಾಚೆ. ಈ ದಾರಿ ಬಿಟ್ಟು ಅಲ್ಲಿಗೆ ಹೋಗೋಕೆ ಮತ್ತಾಯ ನಮಗೆ ಬಿಡಲ್ಲ.”

ಅಜ್ಜಿ ಇದಕ್ಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. “ಆದ್ರೂ ಯಾರಾದ್ರೂ ಹೋಗಿ ಹೇಳ್ಬೇಕಿತ್ತು” ಎಂದು ಎದ್ದು, ಗಾಳಿಗೆ ಎದ್ದ ಟಾರ್ಪಾಲಿನ ಮೂಲೆಗೆ ಕಲ್ಲು ಹೇರಿದಳು.

ದೃಶ್ಯ ಉಳಿಯಿತು. ಮೇಲಿನಿಂದ ಧ್ವನಿ ಬರಲಿಲ್ಲ. ಕ್ರಿಸ್ಮಸ್ ರಾತ್ರಿ ಮಾವ ಹೆರೋದನಾಗಿ ಗುಡುಗಿದ್ದಕ್ಕೆ ಶಿಳ್ಳೆ ಬಿತ್ತು. ರಾಹೇಲಳ ಅಳು ತುಸು ಉದ್ದವಾಯಿತೆಂದು ಮುಂದಿನ ಸಾಲಿನ ಹಿರಿಯರೊಬ್ಬರು ಗೊಣಗಿದರು. ಮರುವರ್ಷ ನಾಟಕ ಬರೆದವರು ಬೇರೆ. ಅವರು ಕುರುಬರು, ಜೋಯಿಸರಿಗೆ ನಿಲ್ಲಿಸಿದರು.

ಬಹಳ ಕಾಲದ ಮೇಲೆ ಯೆಹೂದ್ಯರು ಅದೇ ವಚನವನ್ನು ಹೇಗೆ ಓದುತ್ತಾರೆಂದು ತಿಳಿಯುವ ಆಸೆಯಾಯಿತು. ಅವರಿಗೆ ಇದು ನಜರೇತಿನ ಯೇಸುವಿನಲ್ಲಿ ನೆರವೇರಿದ ಮಾತಲ್ಲ. ಸೆರೆಹೋದವರು ಮನೆಗೆ ಮರಳುವ ಮಾತು. ಅವರ ಹೊಸವರ್ಷವಾದ ರೋಶ್ ಹಶಾನದ ಎರಡನೆಯ ದಿನ ಸಿನಗಾಗಿನಲ್ಲಿ ಓದುವ ಪ್ರವಾದಿಯ ಭಾಗ ಇದೇ, ಅಳುವಿನ ಜೊತೆ ಅದರ ಮುಂದಿನ ಭರವಸೆಯೂ ಸೇರಿ. ಬೇತ್ಲೆಹೇಮಿನ ಅಂಚಿನಲ್ಲಿರುವ ರಾಹೇಲಳ ಸಮಾಧಿಗೆ ಈಗ ಎತ್ತರದ ಕಾಂಕ್ರೀಟ್ ಗೋಡೆಯ ಕಾವಲು. ಮಕ್ಕಳಿಲ್ಲದ ಹೆಂಗಸರು ಅಲ್ಲಿಗೆ ಹೋಗಿ ಬೇಡಿಕೊಳ್ಳುತ್ತಾರೆ.

ಪ್ರಲಾಪಗಳ ಪುಸ್ತಕದ ಮೇಲೆ ಅವರ ಗುರುಗಳು ಕಟ್ಟಿದ ಮಿದ್ರಾಶಿನಲ್ಲಿ ಒಂದು ಕಥೆ ಸಿಕ್ಕಿತು. ದೇವಾಲಯ ಸುಟ್ಟು ಜನ ಸೆರೆಹೋದಾಗ ಅಬ್ರಹಾಮ ದೇವರ ಮುಂದೆ ಬಂದು ಮೊರೆಯಿಡುತ್ತಾನೆ. ಇಸಾಕ, ಯಾಕೋಬ, ಮೋಶೆ ಒಬ್ಬೊಬ್ಬರಾಗಿ ವಾದಿಸುತ್ತಾರೆ. ದೇವರ ಮನಸ್ಸು ಕರಗುವುದಿಲ್ಲ. ಆಗ ರಾಹೇಲಳು ನುಗ್ಗಿ ಬರುತ್ತಾಳೆ. ನನ್ನ ಗಂಡ ಏಳು ವರ್ಷ ದುಡಿದದ್ದು ನನಗಾಗಿ, ಮದುವೆಯ ರಾತ್ರಿ ಅಪ್ಪ ಅಕ್ಕನನ್ನು ಕಳಿಸಿದ. ಮೋಸವಾಗದಿರಲೆಂದು ನಾವಿಬ್ಬರು ಗೊತ್ತುಮಾಡಿಕೊಂಡಿದ್ದ ಗುರುತುಗಳನ್ನೆಲ್ಲ, ಅಕ್ಕನ ಮಾನ ಹೋಗಬಾರದೆಂದು ನಾನೇ ಅವಳಿಗೆ ಹೇಳಿಕೊಟ್ಟೆ. ಮಂಚದ ಕೆಳಗೆ ಮಲಗಿ ಅವಳ ಬದಲು ನಾನೇ ಮಾತಾಡಿದೆ. ಮಣ್ಣಿನವಳಾದ ನಾನು ಸವತಿಯ ಮೇಲೆ ಹೊಟ್ಟೆಕಿಚ್ಚು ಪಡಲಿಲ್ಲ. ನೀನು ಮರ ಕಲ್ಲಿನ ವಿಗ್ರಹಗಳ ಮೇಲೆ ಹೊಟ್ಟೆಕಿಚ್ಚು ಪಟ್ಟು ನನ್ನ ಮಕ್ಕಳನ್ನು ಕತ್ತಿಗೆ ಕೊಟ್ಟೆಯಲ್ಲ ಎಂದು ನೇರವಾಗಿ ಕೇಳುತ್ತಾಳೆ. ದೇವರು ಉತ್ತರ ಕೊಡಲಾರದೆ, ರಾಹೇಲಳೇ, ನಿನ್ನ ಮುಖ ನೋಡಿ ಅವರನ್ನು ತಿರುಗಿ ಕರೆತರುತ್ತೇನೆ ಎನ್ನುತ್ತಾನೆ. ಆ ಕಥೆ ಕೈಗೆ ಸಿಗುವಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದಳು. ಅಜ್ಜನಿಗೆ ಓದಿ ಹೇಳಿದೆ. “ಇವಳು ನಮ್ಮನೆಯವಳೇ” ಎಂದ. ಕನ್ನಡಕ ಕೇಳಿ ಪಡೆದು, ಯೆರೆಮೀಯ ಮೂವತ್ತೊಂದರ ಅಂಚಿನಲ್ಲಿ ಹೊಸದೊಂದು ಬಾಣ ಹಾಕಿಕೊಂಡ.